ಬಾಗಿಲವಾಡದ ಜೀರ್ಣೋದ್ಧಾರ

ಮನೆಗೆ ಬಂದವರು ಮೊದಲು ಕಾಣುವುದು ಬಾಗಿಲವಾಡವನ್ನು. ಮನೆಯವರು ಕಟ್ಟಕಡೆಗೆ ಗಮನಿಸುವುದೂ ಅದನ್ನೇ. ಹಬ್ಬದ ದಿನ ಮಾವಿನ ತೋರಣವನ್ನು ಕಟ್ಟುವಾಗ ನಮ್ಮ ದೃಷ್ಟಿ ಮೇಲುಗಡೆ ಇರುತ್ತದೆ. ಆದರೆ ವಾಡವು ಸಾಮಾನ್ಯವಾಗಿ ಕೆಡುವುದು ಬುಡದಿಂದ. ನಿಲುವುಗಂಬವು ಹೊಸ್ತಿಲನ್ನು ಮುಟ್ಟುವ ಎಡೆಯಿಂದ.

ಈ ವಿಷಯದಲ್ಲಿ ನಾವು ಮಾಡಿದ ತಪ್ಪನ್ನೇ ಮೊದಲು ಒಪ್ಪಿಕೊಳ್ಳುವುದು ಲೇಸು. ನಮ್ಮ ಮನೆಯ ಮುಂಬಾಗಿಲ ಕಂಬದ ಬುಡದಲ್ಲಿ ಒಮ್ಮೆ ಹೆಬ್ಬೆಟ್ಟು ಹಿಡಿಯುವಷ್ಟು ತೂತು ಕಾಣಿಸಿತು. ನಾವು ಅದಕ್ಕೆ ಸಿಮೆಂಟನ್ನು ತುಂಬಿ, ಮೇಲೆ ಬಣ್ಣವನ್ನು ಬಳಿದು, ಕೆಲಸ ಮುಗಿಯಿತೆಂದು ಸಂತೋಷಪಟ್ಟೆವು. ಮರುವರ್ಷದ ಮಳೆಗಾಲ ಕಳೆಯುವುದರೊಳಗಾಗಿ ಮೊಳದುದ್ದ ಮರವು ಒಳಗೊಳಗೇ ಪುಡಿಯಾಗಿತ್ತು. ಸಿಮೆಂಟಿನ ಅಂಚಿನಲ್ಲಿ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಅಲ್ಲಿಯೇ ನಿಂತುಬಿಟ್ಟಿತ್ತು. ರೋಗವನ್ನು ಮುಚ್ಚಿದೆವೇ ಹೊರತು ವಾಸಿಮಾಡಿರಲಿಲ್ಲ.

ಮರವು ಕೊಳೆಯುವುದು ಬೂಷ್ಟಿನ ಜಾತಿಯ ಸೂಕ್ಷ್ಮ ಜೀವಿಗಳಿಂದ. ಮರದಲ್ಲಿ ತೇವವು ನೂರಕ್ಕೆ 20ಕ್ಕಿಂತ ಕಡಮೆಯಿದ್ದರೆ ಅವು ಬೆಳೆಯಲಾರವು. ಮರದ ಪಕ್ಕಗಳಿಗಿಂತ ಕತ್ತರಿಸಿದ ತುದಿಯು ನೀರನ್ನು ಬಲು ಬೇಗ ಹೀರುತ್ತದೆ. ನಾವು ಪ್ರತಿದಿನ ಬೆಳಗ್ಗೆ ಹೊಸ್ತಿಲನ್ನು ತೊಳೆದು ಅರಿಸಿನ ಕುಂಕುಮಗಳನ್ನಿಡುತ್ತೇವೆ; ಆ ನೀರು ಕಂಬದ ಬುಡದಲ್ಲಿ ಸೇರುತ್ತದೆ. ಆಚಾರವನ್ನು ಬಿಡಬೇಕಾಗಿಲ್ಲ, ತೊಳೆದ ಮೇಲೆ ಒಣಬಟ್ಟೆಯಿಂದ ಒರಸಿದರೆ ಸಾಕು. ತೇಗ, ಹೊನ್ನೆ ಮರಗಳು ಬಹುಕಾಲ ಬಾಳುವುದು ಅವುಗಳ ಚೇಗಿನ ಗುಣದಿಂದ. ಹೊರಗಿನ ಬಿಳಿಯ ಭಾಗಕ್ಕೆ ಆ ಗುಣವಿಲ್ಲ.

ದುರಸ್ತಿಗೆ ಮೊದಲು ಪರೀಕ್ಷೆಯಾಗಬೇಕು. ದಬ್ಬಳದಿಂದ ಬುಡದಿಂದ ಮೇಲಕ್ಕೆ ಚುಚ್ಚುತ್ತ ಹೋಗಿ, ಅದು ಸುಲಭವಾಗಿ ಇಳಿಯದೆ ನಿಲ್ಲುವ ಎಡೆಯನ್ನು ಗುರುತುಮಾಡಿಕೊಳ್ಳತಕ್ಕದ್ದು. ಮಣ್ಣಿನ ಸಣ್ಣ ಕೊಳವೆಗಳು ಕಂಡರೆ ಅದು ಗೆದ್ದಲಿನ ಕೆಲಸ. ನೆಲದಿಂದ ಬರುವ ಅದರ ದಾರಿಯನ್ನು ಮೊದಲು ಕಡಿಯದಿದ್ದರೆ, ಹೊಸ ಮರವು ಅದಕ್ಕೆ ಹೊಸ ಊಟವಾಗುವುದಷ್ಟೆ. ಬಾಗಿಲಿನ ಮೇಲುಗಡೆಯ ಗೋಡೆ ಬಿರಿದಿದ್ದರೆ, ಅಥವಾ ಗೋಡೆಯ ಭಾರವೆಲ್ಲ ವಾಡದ ಮೇಲೆಯೇ ಇದ್ದರೆ, ಗರಗಸವನ್ನು ಮುಟ್ಟದೆ ಅನುಭವಸ್ಥನಾದ ಮೇಸ್ತ್ರಿಯನ್ನು ಕರೆಯುವುದೇ ವಿವೇಕ.

ಕಲ್ಲಿನ ಹೊಸ್ತಿಲ ಮೇಲೆ ನಿಂತ ಕಂಬವಾದರೆ ಕೆಲಸವು ಕಠಿನವಲ್ಲ. ಬಾಗಿಲನ್ನು ಕೀಲುಗಳಿಂದ ಬಿಡಿಸಿಟ್ಟು, ಮೇಲಡ್ಡಕ್ಕೆ ಊರೆಗೋಲನ್ನು ಕೊಡಬೇಕು. ಕೆಟ್ಟ ಭಾಗಕ್ಕಿಂತ ನಾಲ್ಕೈದು ಅಂಗುಲ ಮೇಲೆ, ಗಟ್ಟಿ ಮರದಲ್ಲಿಯೇ, ಓರೆಯಾಗಿ ಕೊಯ್ಯಬೇಕು. ಓರೆಯು ಒಳಗಡೆ ಎತ್ತರವಾಗಿಯೂ ಹೊರಗಡೆ ತಗ್ಗಾಗಿಯೂ ಇರಲಿ. ಆಗ ಬೆಸುಗೆಗೆ ಬಿದ್ದ ಮಳೆನೀರು ಹೊರಕ್ಕೆ ಹರಿದುಹೋಗುತ್ತದೆ. ಓರೆಯ ಉದ್ದವು ಮರದ ದಪ್ಪಕ್ಕೆ ಎರಡರಷ್ಟಿದ್ದರೆ ಹಿಡಿತ ಚೆನ್ನಾಗಿರುತ್ತದೆ. ಅದೇ ಜಾತಿಯ, ಚೆನ್ನಾಗಿ ಒಣಗಿದ ಚೇಗಿನ ತುಂಡನ್ನು ಎಳೆಗಳು ಮೇಲಿಂದ ಕೆಳಕ್ಕೆ ಬರುವಂತೆ ಅಳತೆಗೆ ಕೊಯ್ದು, ಒಳಗಡೆಯಿಂದ ಜಾರಿಸಿ ಕೂರಿಸಿ ನೋಡಬೇಕು. ಸರಿಯಾಗಿ ಕೂತರೆ ಹೊರಕ್ಕೆ ತೆಗೆದು, ಅದರ ಬುಡಕ್ಕೆ ಅಗಸೆಯೆಣ್ಣೆಯನ್ನು ಹೀರುವಷ್ಟು ಹಚ್ಚಿ ಒಣಗಿಸಿ, ಆಮೇಲೆ ನೀರಿಗೆ ಕರಗದ ಅಂಟಿನಿಂದಲೂ ಎರಡು ಹಿತ್ತಾಳೆಯ ತಿರುಪುಮೊಳೆಗಳಿಂದಲೂ ಬಿಗಿಯತಕ್ಕದ್ದು. ಹಳೆಯ ಸರೇಸು ಇಲ್ಲಿಗೆ ತಕ್ಕುದಲ್ಲ. ತೇವಕ್ಕೆ ಅದು ಬಿಟ್ಟುಕೊಳ್ಳುತ್ತದೆ. ತೂಗುಗುಂಡನ್ನು ಹಿಡಿದು ಕಂಬವು ನೆಟ್ಟಗಿದೆಯೆಂದು ನೋಡಿಕೊಂಡ ಮೇಲೆಯೇ ಕೊನೆಯ ಬಿಗಿತವನ್ನು ಕೊಡುವುದು.

ಎರಡು ಎಚ್ಚರಿಕೆಗಳು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮನೆಯ ಬಣ್ಣಗಳಲ್ಲಿ ಅದಕ್ಕೆ ಬಿಗಿಯಾದ ಮಿತಿಯು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಆದುದರಿಂದ ಅಂತಹ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜದೆ, ನೀರಿನಿಂದ ಒದ್ದೆಮಾಡಿ, ಮಕ್ಕಳನ್ನು ದೂರವಿಟ್ಟು ಕೆರೆಯಬೇಕು. ಇನ್ನೊಂದು: ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳು ಕೂಡಿದ ಸಂರಕ್ಷಕವೊಂದನ್ನು ಕಂಡುಹಿಡಿದರು. ಅದು ಮರಕ್ಕೆ ದೀರ್ಘಾಯುಷ್ಯವನ್ನು ಕೊಟ್ಟಿತು. ಆದರೆ ಅದನ್ನು ಉಣ್ಣಿಸಿದ ಮರದ ಚೂರನ್ನು ಎಂದಿಗೂ ಒಲೆಗೆ ಹಾಕಬಾರದು. ಅದರ ಹೊಗೆಯೂ ಬೂದಿಯೂ ವಿಷವೇ.

ಬುಡ ಕೆಟ್ಟಿತೆಂದು ಇಡೀ ವಾಡವನ್ನು ಕಿತ್ತೆಸೆಯುವವರುಂಟು. ಅದು ಕಾಲಿನ ಹುಣ್ಣಿಗಾಗಿ ಮನುಷ್ಯನನ್ನೇ ಬಿಟ್ಟಂತೆ. ನಮ್ಮ ಮನೆಯಲ್ಲಿ ಬದಲಾದದ್ದು ಕಂಬದ ಕೆಳಗಿನ ಒಂದೂವರೆ ಮೊಳ ಮಾತ್ರ. ಮೇಲುಗಡೆ ಹಿರಿಯರು ಕೆತ್ತಿಸಿದ ಬಳ್ಳಿಯೂ ಹೂವೂ ಹಾಗೆಯೇ ಉಳಿದಿವೆ. ಹಳೆಯ ಮರಕ್ಕೂ ಹೊಸ ಮರಕ್ಕೂ ಬಣ್ಣದಲ್ಲಿ ಕೊಂಚ ಭೇದ ಕಾಣುತ್ತದೆ. ಆ ಗೆರೆಯನ್ನು ಮುಚ್ಚಬೇಕೆಂದು ನಮಗೆ ಈಗ ಅನ್ನಿಸುವುದಿಲ್ಲ. ಬೆಳಗ್ಗೆ ಹೊಸ್ತಿಲನ್ನು ಒರಸಲು ಅದೇ ನಮಗೆ ಜ್ಞಾಪಕ ಕೊಡುತ್ತದೆ.