ಜೋಳದ ಬೇರಿಗಂಟಿದ ಮಾಟಗಾತಿ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಜೋಳವೇ ಮನುಷ್ಯರಿಗೆ ರೊಟ್ಟಿ, ದನಗಳಿಗೆ ಕಣಿಕೆ. ಆ ಜೋಳವನ್ನು ನೆಲದೊಳಗಿಂದಲೇ ಕದಿಯುವ ಕಳೆಯೊಂದುಂಟು. ಸಸ್ಯಶಾಸ್ತ್ರಜ್ಞರು ಅದನ್ನು ಸ್ಟ್ರೈಗಾ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಮಾಟಗಾತಿ ಎಂದರ್ಥ. ಗೇಣುದ್ದದ ಗಿಡ, ಪುಟ್ಟ ಬಿಳಿಯ ಹೂ. ನೋಡಿದವರು ಇದನ್ನು ಅಪರಾಧಿಯೆನ್ನಲಾರರು.

ಒಂದೇ ಗಿಡ 50,000ಕ್ಕೂ ಮಿಕ್ಕಿ ಬೀಜಗಳನ್ನು ಉದುರಿಸಬಲ್ಲದು. ಧೂಳಿನಂಥ ಆ ಬೀಜ 10 ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ಕಾದಿರುತ್ತದೆ. ನೆಲ ನೆನೆದರಷ್ಟೇ ಅದು ಮೊಳೆಯದು. ಸಮೀಪದ ಬೇರೊಂದು ಸ್ರವಿಸುವ ರಸವೂ ತಗುಲಬೇಕು. ತನಗೆ ನೆರವಾಗುವ ಶಿಲೀಂಧ್ರಗಳನ್ನು ಕರೆಯಲೆಂದು ಬೇರು ಆ ರಸವನ್ನು ಬಿಡುತ್ತದೆಂಬುದು 2005ರಲ್ಲಿ ತಿಳಿದುಬಂದಿತು. ಅತಿಥಿಗೆ ಬರೆದ ಓಲೆಯನ್ನು ಕಳ್ಳನು ಓದಿಕೊಂಡಂತಾಯಿತು! ಮೊಳಕೆ ಬೇರನ್ನು ಕೊರೆದು ನೀರನ್ನೂ ಸತ್ತ್ವವನ್ನೂ ಹೀರುತ್ತದೆ. ಕಳೆ ನೆಲದ ಮೇಲೆ ತಲೆಯೆತ್ತಲು ತಿಂಗಳಾದರೂ ಬೇಕು. ಅಷ್ಟರಲ್ಲಿ ಹಸಿ ನೆಲದಲ್ಲಿಯೂ ಜೋಳ ಬಾಡಿ ನಿಂತಿರುತ್ತದೆ.

ಈ ರಸವನ್ನು ವಿಜ್ಞಾನಿಗಳು 1966ರಲ್ಲಿ ಮೊದಲು ಬೇರ್ಪಡಿಸಿದ್ದು ಜೋಳದಿಂದಲ್ಲ, ಹತ್ತಿಯ ಬೇರಿನಿಂದ! ಹತ್ತಿಯ ಕರೆಗೂ ಬೀಜ ಮೊಳೆಯುತ್ತದೆ. ಆದರೆ ಆ ಬೇರಿನಲ್ಲಿ ಅದಕ್ಕೆ ನೆಲೆ ದೊರೆಯದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಎರೆಹೊಲದಲ್ಲಿ ಜೋಳದ ಮರುವರ್ಷ ಹತ್ತಿ ಬಿತ್ತಿದರೆ ಮಣ್ಣಿನಲ್ಲಿಯ ಬೀಜದ ಗಂಟು ಹೀಗೆ ಕರಗುತ್ತ ಬರುತ್ತದೆ. ಉಳಿದ ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತು ಸುಡಬೇಕು. ಕಾಯಿ ಕಟ್ಟಿದ ಮೇಲೆ ಕಿತ್ತು ಬದುವಿನ ಮೇಲೆ ಎಸೆದರೆ, ಗಾಳಿಯೂ ಮಳೆನೀರೂ ಬೀಜವನ್ನು ಮತ್ತೆ ಹೊಲಕ್ಕೇ ತರುತ್ತವೆ.