ಬೋಗಾದಿಯ ಮಹಡಿಯಲ್ಲೊಂದು ಜೇನು ಸಂಸಾರ

ಜೇನು ಎಂದ ಕೂಡಲೇ ನಮಗೆ ನೆನಪಾಗುವುದು ಎರಡು. ಒಂದು ಅದರ ಸಿಹಿ, ಇನ್ನೊಂದು ಅದರ ಕುಟುಕು. ಸಿಹಿ ಬೇಕು, ಕುಟುಕು ಬೇಡ ಎನ್ನುವವರೇ ನಮ್ಮಲ್ಲಿ ಹೆಚ್ಚು. ಹೀಗಿರುವಾಗ ಮಕ್ಕಳು ಓಡಾಡುವ ಮನೆಯ ಮಹಡಿಗೆ ಸಾವಿರಾರು ಜೇನುನೊಣಗಳನ್ನು ಕರೆತಂದು ಇಟ್ಟುಕೊಳ್ಳುವುದೆಂದರೆ ಯಾರಿಗಾದರೂ ಹುಚ್ಚಾಟ ಎನ್ನಿಸೀತು. ಏಳನೇ ತರಗತಿಯಲ್ಲಿದ್ದ ನನ್ನ ಮಗಳು ಒಂದು ಸಂಜೆ ಶಾಲೆಯಿಂದ ಬಂದವಳೇ, ‘ಅಪ್ಪ, ನಮ್ಮ ಮನೇಲೂ ಒಂದು ಜೇನುಪೆಟ್ಟಿಗೆ ಇಡೋಣ’ ಎಂದಾಗ ನನಗೂ ಹಾಗೆಯೇ ಅನ್ನಿಸಿತ್ತು.

ನಾವಿರುವುದು ಮೈಸೂರಿನ ಬೋಗಾದಿಯಲ್ಲಿ. ಮಾನಸಗಂಗೋತ್ರಿಯನ್ನು ದಾಟಿ ಪಶ್ಚಿಮಕ್ಕೆ ಬಂದರೆ ಸಿಗುವ ಈ ಊರು ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿ. ಈಗ ಹೊಲಗಳೆಲ್ಲ ಬಡಾವಣೆಗಳಾಗಿವೆ. ಆದರೂ ಖಾಲಿ ನಿವೇಶನಗಳ ಅಂಚಿನಲ್ಲಿ ಹೊಂಗೆ, ಬೇವು ಉಳಿದಿವೆ. ಮನೆಗಳ ಹಿತ್ತಿಲಲ್ಲಿ ತೆಂಗು, ನುಗ್ಗೆ, ಕರಿಬೇವು, ತುಳಸಿ ಇವೆ. ‘ಇಷ್ಟಿದ್ದರೆ ಒಂದು ಸಂಸಾರಕ್ಕೆ ಸಾಕು’ ಎಂದವರು ಪೆಟ್ಟಿಗೆ ತಂದಿಟ್ಟ ಜೇನು ಕೃಷಿಕರು. ನನ್ನ ಮಗಳು ಅವರನ್ನು ಕರೆಯುವುದು ‘ಜೇನು ಮಾಮ’ ಎಂದು.

ಪೆಟ್ಟಿಗೆ ಅವರದು, ಜಾಗ ನಮ್ಮದು

ವ್ಯವಸ್ಥೆ ಸರಳವಾದದ್ದು. ಪೆಟ್ಟಿಗೆಯೂ ನೊಣಗಳೂ ಅವರವು. ಹದಿನೈದು ದಿನಕ್ಕೊಮ್ಮೆ ಅವರೇ ಬಂದು ಮುಚ್ಚಳ ತೆರೆದು, ರಾಣಿ ಮೊಟ್ಟೆ ಇಡುತ್ತಿದೆಯೇ, ರೋಗವೇನಾದರೂ ತಗುಲಿದೆಯೇ ಎಂದು ಪರೀಕ್ಷಿಸುತ್ತಾರೆ. ಹೂವಿಲ್ಲದ ಕಾಲದಲ್ಲಿ ಸಕ್ಕರೆ ಪಾಕ ಇಡುತ್ತಾರೆ. ಜೇನು ತೆಗೆಯುವ ಕೆಲಸವೂ ಅವರದೇ. ಬಂದದ್ದರಲ್ಲಿ ನಮಗೊಂದು ಪಾಲು. ನಾವು ಮಾಡಬೇಕಾದದ್ದು ಮೂರೇ ಕೆಲಸ: ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳ ಕೆಳಗಿನ ಬಟ್ಟಲುಗಳಲ್ಲಿ ಇರುವೆ ಹತ್ತದಂತೆ ನೀರು ತುಂಬಿಡುವುದು, ಗಿಡಗಳಿಗೆ ಕೀಟನಾಶಕ ಹೊಡೆಯದಿರುವುದು, ಏನಾದರೂ ವಿಚಿತ್ರ ಕಂಡರೆ ಕೂಡಲೇ ಅವರಿಗೆ ತಿಳಿಸುವುದು. ಈ ಮೂರನ್ನು ಆಗ ನಾನು ಬಹಳ ಹಗುರವಾಗಿ ಕೇಳಿಸಿಕೊಂಡೆ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಎಲ್ಲ ಜೇನೂ ಹೆಜ್ಜೇನಲ್ಲ

ಮನೆಯಲ್ಲಿ ಮೊದಲು ತಕರಾರು ಎತ್ತಿದವರು ನಮ್ಮಮ್ಮ. ‘ಜೇನು ಎದ್ದರೆ ದನವನ್ನೂ ಬಿಡುವುದಿಲ್ಲ ಕಣೋ’ ಎಂದರು. ಅವರು ನೋಡಿದ್ದು ಹೆಜ್ಜೇನನ್ನು. ಎತ್ತರದ ಮರಗಳಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ದೊಡ್ಡ ಕಟ್ಟಡಗಳ ಸೂರಿನಲ್ಲಿ ಒಂದೇ ದೊಡ್ಡ ಎರಿ ಕಟ್ಟಿ ತೂಗುವ ಹೆಜ್ಜೇನು ಬಯಲಲ್ಲಿ ಬದುಕುವ ಜೀವಿ. ಕೆಣಕಿದರೆ ಹಿಂಡುಹಿಂಡಾಗಿ ಎರಗುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ. ಕಡ್ಡಿಗೆ, ಪೊದೆಯ ರೆಂಬೆಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನನ್ನೂ ಸಾಕುವಂತಿಲ್ಲ. ಗೋಡೆಯ ಸಂದಿಯಲ್ಲಿ, ಮೀಟರ್ ಪೆಟ್ಟಿಗೆಯಲ್ಲಿ ಗೂಡು ಮಾಡುವ ಮುಜಂಟಿಗಂತೂ ಕುಟುಕುವ ಶಕ್ತಿಯೇ ಇಲ್ಲ.

ನಮ್ಮ ಮನೆಗೆ ಬಂದದ್ದು ತುಡುವೆ. ಮರದ ಪೊಟರೆ, ಹುತ್ತ, ಕಲ್ಲಿನ ಸಂದು ಇಂಥ ಕತ್ತಲೆಯ ಜಾಗಗಳಲ್ಲಿ ಸಾಲಾಗಿ ಹಲವು ಎರಿ ಕಟ್ಟುವುದು ಅದರ ಸ್ವಭಾವ. ಆದ್ದರಿಂದಲೇ ಅದು ಪೆಟ್ಟಿಗೆಗೂ ಒಗ್ಗುತ್ತದೆ. ಹೆಜ್ಜೇನಿಗೆ ಹೋಲಿಸಿದರೆ ಸಾಧು. ಆದರೆ ಸಾಧು ಎಂದರೆ ಕುಟುಕುವುದೇ ಇಲ್ಲ ಎಂದಲ್ಲ. ಬಾಗಿಲಿಗೆ ಅಡ್ಡ ನಿಂತರೆ, ಪೆಟ್ಟಿಗೆಯನ್ನು ಅಲುಗಾಡಿಸಿದರೆ ಅದೂ ತನ್ನ ಮನೆ ಕಾಯುತ್ತದೆ.

ಒಂದು ಸಂದಿನ ಕಥೆ

ಜೇನುಪೆಟ್ಟಿಗೆ ನೋಡಲು ಮರದ ಸಾಮಾನ್ಯ ಡಬ್ಬ. ಆದರೆ ಅದರ ಹಿಂದೆ ಒಂದು ಸೊಗಸಾದ ಗಮನಿಕೆ ಇದೆ. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಒಂದು ವಿಷಯ ಕಂಡುಕೊಂಡರು. ಎರಡು ಎರಿಗಳ ನಡುವೆ ಜೇನುನೊಣಗಳು ಓಡಾಡಲು ಬಿಟ್ಟುಕೊಳ್ಳುವ ಸಂದು ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ. ಸಂದು ಹೆಚ್ಚಾದರೆ ಅಲ್ಲೂ ಎರಿ ಕಟ್ಟುತ್ತವೆ. ತೀರ ಕಡಿಮೆಯಾದರೆ ಅಂಟಿನಿಂದ ಮುಚ್ಚಿಬಿಡುತ್ತವೆ. ಇದೇ ಅಳತೆಯನ್ನು ಬಿಟ್ಟು ಚೌಕಟ್ಟುಗಳನ್ನು ಜೋಡಿಸಿದರೆ ಎರಿಯನ್ನು ಕತ್ತರಿಸದೆ ಪುಸ್ತಕದ ಹಾಳೆಯಂತೆ ಎತ್ತಿ ನೋಡಿ ಮತ್ತೆ ಇಡಬಹುದು. ಅಲ್ಲಿಯವರೆಗೆ ಜೇನು ತೆಗೆಯುವುದೆಂದರೆ ಬಹುಮಟ್ಟಿಗೆ ಗೂಡನ್ನು ಕೆಡವುವುದೇ ಆಗಿತ್ತು.

ನಮ್ಮ ತುಡುವೆ ಪಾಶ್ಚಾತ್ಯ ಜೇನಿಗಿಂತ ಗಾತ್ರದಲ್ಲಿ ಚಿಕ್ಕದು. ಅದಕ್ಕೆ ಹೊಂದುವ ಸಣ್ಣ ಪೆಟ್ಟಿಗೆಯನ್ನು 20ನೇ ಶತಮಾನದ ಎರಡನೇ ದಶಕದಲ್ಲಿ ದಕ್ಷಿಣ ಭಾರತದಲ್ಲಿ ರೂಪಿಸಿದವರು ಇನ್ನೊಬ್ಬ ಪಾದ್ರಿ, ನ್ಯೂಟನ್. ಇಂದಿಗೂ ಅದು ‘ನ್ಯೂಟನ್ ಪೆಟ್ಟಿಗೆ’ ಎಂದೇ ಪ್ರಸಿದ್ಧ. ಕೆಳಗಿನದು ಸಂಸಾರ ಕೋಣೆ: ರಾಣಿ, ಮೊಟ್ಟೆ, ಮರಿಗಳ ಜಾಗ. ಮೇಲಿನದು ಜೇನು ಕೋಣೆ. ತೆಗೆಯುವುದು ಮೇಲಿನದನ್ನು ಮಾತ್ರ. ಚೌಕಟ್ಟುಗಳನ್ನು ಯಂತ್ರದಲ್ಲಿಟ್ಟು ತಿರುಗಿಸಿದರೆ ಜೇನು ಚಿಮ್ಮಿ ಹೊರಬರುತ್ತದೆ. ಖಾಲಿ ಎರಿಯನ್ನು ಮತ್ತೆ ನೊಣಗಳಿಗೇ ಹಿಂದಿರುಗಿಸಬಹುದು.

ಜೇನಿಗೆ ಹೆಸರಾದ ಕೊಡಗಿನಲ್ಲಿ ಇಂಥ ಪೆಟ್ಟಿಗೆಗಳು ಮನೆಮನೆಗಳಲ್ಲಿದ್ದವು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲು ನಾಶವಾದವು. ಬದುಕುಳಿದ ಕೆಲವು ಸಂಸಾರಗಳಿಂದಲೇ ನಿಧಾನವಾಗಿ ಜೇನು ಕೃಷಿ ಚೇತರಿಸಿಕೊಂಡಿತು. ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡುವುದು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಕೇಳಬೇಕಾಗಿದ್ದ ಒಂದು ಮಾತು

ಕಾರ್ತಿಕ ಮಾಸದ ಒಂದು ಸಂಜೆ ಕತ್ತಲಾದ ಮೇಲೆ ಪೆಟ್ಟಿಗೆ ಬಂತು. ನೊಣಗಳೆಲ್ಲ ಗೂಡು ಸೇರಿದ ಮೇಲೆಯೇ ಅದನ್ನು ಸಾಗಿಸಬೇಕು. ಮಹಡಿಯ ಪೂರ್ವದ ಮೂಲೆಯಲ್ಲಿ ಇಟ್ಟೆವು. ಮೂರನೆಯ ದಿನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಬಳಿ ನಿಂತು ಕರೆದರು. ‘ನೋಡಿ, ನೀವು ಇಟ್ಟದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ನಮ್ಮ ಸೊಸೆಗೆ ಒಮ್ಮೆ ಜೇನು ಕುಟುಕಿ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದೆವು. ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ?’

ನನಗೆ ಉತ್ತರವಿರಲಿಲ್ಲ. ಪೆಟ್ಟಿಗೆಯ ಬಾಗಿಲು ಅವರ ಬಟ್ಟೆ ಒಣಹಾಕುವ ತಂತಿಯ ಕಡೆಗೇ ಇತ್ತು. ಅಂದು ಸಂಜೆಯೇ ಜೇನು ಮಾಮನನ್ನು ಕರೆಸಿದೆ. ಅವರು ಮೇಷ್ಟ್ರ ಮನೆಗೂ ಹೋಗಿ ಕುಳಿತು ಮಾತನಾಡಿದರು. ‘ಅಂಥ ಅಲರ್ಜಿ ಇದ್ದವರ ಪಕ್ಕದಲ್ಲಿ ಪೆಟ್ಟಿಗೆ ಇಡಲೇಬಾರದು, ಸಾರ್. ನಾನೂ ಕೇಳಿಕೊಂಡು ಬರಬೇಕಿತ್ತು’ ಎಂದು ತಮ್ಮ ತಪ್ಪನ್ನೂ ಒಪ್ಪಿದರು. ಆ ರಾತ್ರಿಯೇ ಪೆಟ್ಟಿಗೆ ನಮ್ಮ ಮನೆಯಿಂದ ಹೊರಟಿತು. ಮಗಳು ಊಟ ಮಾಡದೆ ಮಲಗಿದಳು.

ಒಂದೂವರೆ ತಿಂಗಳ ನಂತರ ಮೇಷ್ಟ್ರೇ ಬಂದರು. ಸೊಸೆ ಮತ್ತು ಮಗ ಕೆಲಸದ ಮೇಲೆ ಬೇರೆ ಊರಿಗೆ ಹೊರಟಿದ್ದರು. ‘ಈಗ ಇಟ್ಟುಕೊಳ್ಳಿ. ಅವರು ಬರುವ ಮೊದಲು ಹೇಳುತ್ತೇನೆ, ಆಗ ತೆಗೆಸಬೇಕು’ ಎಂದರು. ಈ ಸಲ ಎದುರು ಮನೆಯವರನ್ನೂ ಹಿಂದಿನ ಮನೆಯವರನ್ನೂ ಕೇಳಿದೆ. ಪೆಟ್ಟಿಗೆಯ ಬಾಗಿಲು ಖಾಲಿ ನಿವೇಶನದ ಕಡೆಗೆ ತಿರುಗಿತು.

ಮಗಳ ನೋಟ್‌ಪುಸ್ತಕ

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಹೊಸ ಪಾಠ ಶುರುವಾಯಿತು. ಮಗಳು ನಾಲ್ಕು ಹೆಜ್ಜೆ ದೂರದಲ್ಲಿ, ಬಾಗಿಲಿಗೆ ಅಡ್ಡವಾಗದಂತೆ ಕುಳಿತು, ಒಂದು ನಿಮಿಷದಲ್ಲಿ ಎಷ್ಟು ನೊಣ ಒಳಹೋದವು, ಅವುಗಳಲ್ಲಿ ಎಷ್ಟರ ಕಾಲಿಗೆ ಪರಾಗದ ಉಂಡೆ ಇತ್ತು, ಅದರ ಬಣ್ಣ ಯಾವುದು ಎಂದು ಬರೆದಿಡತೊಡಗಿದಳು. ಬಿಸಿಲಿನ ದಿನ ಎಣಿಕೆ ತಪ್ಪುವಷ್ಟು; ಮೋಡ ಕವಿದ ದಿನ ಬೆರಳೆಣಿಕೆ. ಯುಗಾದಿ ಕಳೆದು ಹೊಂಗೆ, ಬೇವು ಹೂಬಿಟ್ಟಾಗ ಪೆಟ್ಟಿಗೆಯ ಬಳಿ ಸಂತೆಯ ಸದ್ದು. ಗಣಿತ, ಜೀವಶಾಸ್ತ್ರ, ಹವಾಮಾನ ಮೂರೂ ಒಂದೇ ಪುಸ್ತಕದಲ್ಲಿ ಸೇರಿಕೊಂಡವು.

ಒಮ್ಮೆ ಜೇನು ಮಾಮ ಚೌಕಟ್ಟು ಎತ್ತಿದಾಗ ಒಂದು ನೊಣ ಹೊಟ್ಟೆಯನ್ನು ಅಲ್ಲಾಡಿಸುತ್ತ ಎಂಟರ ಆಕಾರದಲ್ಲಿ ಸುತ್ತುವುದನ್ನು ತೋರಿಸಿದರು. ಹೂವಿರುವ ಜಾಗವನ್ನು ಒಡನಾಡಿಗಳಿಗೆ ತಿಳಿಸುವ ನೃತ್ಯವದು. ಕತ್ತಲೆಯ ಗೂಡಿನಲ್ಲಿ ನೇರ ಮೇಲ್ಮುಖವಾಗಿ ಅಲ್ಲಾಡುತ್ತ ನಡೆದರೆ ‘ಸೂರ್ಯನ ದಿಕ್ಕಿಗೇ ಹೋಗಿ’ ಎಂದರ್ಥ. ಎಷ್ಟು ಓರೆಯಾಗಿ ನಡೆದರೆ ಸೂರ್ಯನಿಂದ ಅಷ್ಟು ಓರೆ. ಅಲ್ಲಾಟ ಹೆಚ್ಚು ಹೊತ್ತು ನಡೆದಷ್ಟೂ ದೂರ ಹೆಚ್ಚು. ಈ ಭಾಷೆಯನ್ನು ಬಿಡಿಸಿದ ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು. ಪಠ್ಯಪುಸ್ತಕದಲ್ಲಿ ಓದಿದರೆ ಇದು ಎರಡು ಅಂಕದ ಪ್ರಶ್ನೆ. ಕಣ್ಣಾರೆ ಕಂಡ ಮಗಳು ಅಂದು ರಾತ್ರಿ ಕೋನಮಾಪಕ ಹಿಡಿದು ಕುಳಿತಿದ್ದಳು.

ಆಷಾಢದ ಪಾಠ

ಬೇಸಿಗೆಯ ಕೊನೆಗೆ ಒಂದಿಷ್ಟು ಜೇನು ಸಿಕ್ಕಿತು. ಮೇಷ್ಟ್ರ ಮನೆಗೂ ಒಂದು ಬಾಟಲಿ ಹೋಯಿತು. ಆಮೇಲೆ ಆಷಾಢ ಬಂತು. ಗಾಳಿ, ಜಿಟಿಜಿಟಿ ಮಳೆ, ಹೂವಿಲ್ಲ. ಜೇನಿಗೆ ಇದು ಬರಗಾಲ. ನಾವು ಒಂದು ವಾರ ನೆಂಟರ ಮನೆಗೆ ಹೋದೆವು. ಹೊರಡುವ ಮುನ್ನ ಬಟ್ಟಲುಗಳಿಗೆ ನೀರು ತುಂಬಲೂ ಇಲ್ಲ, ಊರಲ್ಲಿರುವುದಿಲ್ಲವೆಂದು ಜೇನು ಮಾಮನಿಗೆ ತಿಳಿಸಲೂ ಇಲ್ಲ. ‘ನೋಡಿಕೊಳ್ಳುವವರು ಅವರಿದ್ದಾರಲ್ಲ’ ಎಂಬ ಧೈರ್ಯ.

ಹಿಂದಿರುಗಿದಾಗ ಪೆಟ್ಟಿಗೆ ಮೌನವಾಗಿತ್ತು. ಒಣಗಿದ ಬಟ್ಟಲುಗಳ ಮೇಲಿಂದ ಇರುವೆಯ ಸಾಲು ಏರಿತ್ತು. ಒಳಗೆ ಖಾಲಿ ಎರಿಗಳು, ಅಲ್ಲಲ್ಲಿ ಮೇಣದ ಪತಂಗದ ಹುಳು ಕಟ್ಟಿದ ಬಲೆ. ನೊಣಗಳು ಸತ್ತಿರಲಿಲ್ಲ, ಹೊರಟುಹೋಗಿದ್ದವು. ತುಡುವೆಯ ಗುಣವೇ ಅದು: ಹಸಿವು, ಇರುವೆ, ಹುಳು ಕಾಟ ಹೆಚ್ಚಾದರೆ ಇಡೀ ಸಂಸಾರ ಗೂಡು ತೊರೆಯುತ್ತದೆ. ಜೇನು ಮಾಮ ಬೈಯಲಿಲ್ಲ. ‘ನಾನು ಹದಿನೈದು ದಿನಕ್ಕೊಮ್ಮೆ ಬರೋನು, ಸಾರ್. ನಡುವಿನ ಹದಿನಾಲ್ಕು ದಿನ ನಿಮ್ಮ ಕಣ್ಣೇ ನನ್ನ ಕಣ್ಣು’ ಎಂದರಷ್ಟೆ. ಮಗಳು ನೋಟ್‌ಪುಸ್ತಕದಲ್ಲಿ ಅಂದಿನ ತಾರೀಖು ಹಾಕಿ ‘ಸೊನ್ನೆ’ ಎಂದು ಬರೆದಳು.

ಪೋಷಕರ ಗಮನಕ್ಕೆ

ಜೇನುಪೆಟ್ಟಿಗೆ ಇಡಿಸಲು ಬಯಸುವವರು ಕೆಲವು ವಿಷಯಗಳನ್ನು ಮೊದಲೇ ತಿಳಿದಿರಬೇಕು. ಮನೆಯಲ್ಲಿ, ಅಕ್ಕಪಕ್ಕದಲ್ಲಿ ಕುಟುಕಿನ ತೀವ್ರ ಅಲರ್ಜಿ ಇರುವವರಿದ್ದರೆ ಪೆಟ್ಟಿಗೆ ಬೇಡ. ನೆರೆಯವರ ಒಪ್ಪಿಗೆ ಪಡೆಯದೆ ಇಡಬೇಡಿ. ನೋಡಿಕೊಳ್ಳುವವರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಕರೆದರೆ ಎಷ್ಟು ಬೇಗ ಬರಬಲ್ಲರು, ಜೇನಿನ ಪಾಲೆಷ್ಟು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಸೊಳ್ಳೆಗೆ ಹೊಗೆ ಹಾಕುವ ದಿನ ಗೊತ್ತಾದರೆ ಅವರಿಗೆ ಮುಂಚಿತವಾಗಿ ತಿಳಿಸಿ. ಹತ್ತಿರದಲ್ಲೇ ಅಗಲವಾದ ಪಾತ್ರೆಯಲ್ಲಿ ಕಲ್ಲು ಹಾಕಿ ನೀರಿಡಿ. ಕಲ್ಲಿಲ್ಲದಿದ್ದರೆ ನೊಣಗಳು ಮುಳುಗುತ್ತವೆ.

ಕುಟುಕಿದರೆ ಮೊದಲು ಅಲ್ಲಿಂದ ದೂರ ಸರಿಯಬೇಕು, ಚರ್ಮದಲ್ಲಿ ಉಳಿದ ಮುಳ್ಳನ್ನು ತಡಮಾಡದೆ ಕೆರೆದು ತೆಗೆಯಬೇಕು, ತಣ್ಣೀರಿನ ಬಟ್ಟೆ ಇಡಬೇಕು. ಉಸಿರಾಟಕ್ಕೆ ತೊಂದರೆ, ಮುಖ ಅಥವಾ ನಾಲಗೆ ಊತ, ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಇನ್ನೊಂದು ಮಾತು: ಜೇನು ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸಬಾರದು.

ಮುಂದಿನ ಕಾರ್ತಿಕದಲ್ಲಿ ಮತ್ತೊಂದು ಸಂಸಾರ ನಮ್ಮ ಮನೆಗೆ ಬಂತು. ಈಗ ದಿನವೂ ಬೆಳಿಗ್ಗೆ ಬಟ್ಟಲುಗಳಿಗೆ ನೀರು ತುಂಬುವವರು ಯಾರು ಗೊತ್ತೇ? ಮೊದಲು ತಕರಾರು ಎತ್ತಿದ ನಮ್ಮಮ್ಮ. ನಾವು ಊರಿಗೆ ಹೋದಾಗ ಆ ಕೆಲಸ ಮೇಷ್ಟ್ರದು. ಅವರ ಸೊಸೆ ಊರಿಗೆ ಬರುವ ಮೊದಲು ನಮಗೆ ಸುದ್ದಿ ಬರುತ್ತದೆ. ಪೆಟ್ಟಿಗೆ ಹಿಂದಿನ ದಿನ ರಾತ್ರಿಯೇ ಜೇನು ಮಾಮನ ತೋಟಕ್ಕೆ ಹೊರಡುತ್ತದೆ. ಅವರು ಹಿಂದಿರುಗಿದ ಮೇಲೆ ಮರಳಿ ಬರುತ್ತದೆ. ಮಗಳ ನೋಟ್‌ಪುಸ್ತಕ ಮೂರನೆಯದಕ್ಕೆ ಬಂದಿದೆ.