ನಿದ್ರೆಯಲ್ಲಿ ನಿಲ್ಲುವ ಉಸಿರು: ಮರೆವುಳ್ಳ ಹಿರಿಯರ ಚಿಕಿತ್ಸೆಯಲ್ಲಿ ದಂಪತಿಗಳ ಹೊಣೆ

ಕುಟುಂಬ ಕಲ್ಯಾಣವೆಂದರೆ ತಾಯಿ ಮಕ್ಕಳ ಕ್ಷೇಮವೊಂದೇ ಅಲ್ಲ. ಮನೆಯ ಹಿರಿಯರ ಆರೋಗ್ಯವೂ ಅದರಲ್ಲಿ ಸೇರಿದೆ. ವೃದ್ಧರಾದ ತಂದೆತಾಯಿಗಳನ್ನೂ ಅತ್ತೆಮಾವಂದಿರನ್ನೂ ನೋಡಿಕೊಳ್ಳುವ ಗಂಡಹೆಂಡಿರಿಬ್ಬರೂ ಅರಿತಿರಬೇಕಾದ ಒಂದು ಕಾಯಿಲೆಯ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಗೊರಕೆಯೆಲ್ಲವೂ ಸುಖನಿದ್ರೆಯ ಗುರುತಲ್ಲ

ಹಿರಿಯರು ಗಟ್ಟಿಯಾಗಿ ಗೊರಕೆ ಹೊಡೆಯುತ್ತಿರುವಾಗ ಸದ್ದು ಒಮ್ಮೆಲೇ ನಿಂತು, ತುಸು ಹೊತ್ತಿನ ಬಳಿಕ ಅವರು ಬೆಚ್ಚಿದಂತೆ ಮತ್ತೆ ಉಸಿರೆಳೆಯುವುದನ್ನು ನೀವು ಕಂಡಿರಬಹುದು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುವುದೇ ಇದಕ್ಕೆ ಸಾಮಾನ್ಯ ಕಾರಣ. ಹೀಗೆ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ಮತ್ತೆ ಮತ್ತೆ ನಿಲ್ಲುವ ರೋಗಕ್ಕೆ ಸ್ಲೀಪ್ ಅಪ್ನಿಯಾ ಎಂದು ಹೆಸರು. ಆಗ ರಕ್ತದಲ್ಲಿ ಆಮ್ಲಜನಕ ಕುಗ್ಗುತ್ತದೆ, ನಿದ್ರೆ ಮುರಿಯುತ್ತದೆ. ಆದರೆ ಬಹುತೇಕ ರೋಗಿಗಳಿಗೆ ಅದರ ಅರಿವಿರುವುದಿಲ್ಲ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಅಧಿಕ ರಕ್ತದೊತ್ತಡ ಇವೂ ಜೊತೆಗೆ ಕಾಣಿಸಿಕೊಳ್ಳಬಹುದು.

ಮರೆವಿಗೂ ಇದಕ್ಕೂ ಸಂಬಂಧವೇನು?

ಹಗಲಿನಲ್ಲಿ ಕಂಡು ಕೇಳಿದ ಸಂಗತಿಗಳು ಮೆದುಳಿನಲ್ಲಿ ನೆಲೆಗೊಳ್ಳಲು ಒಳ್ಳೆಯ ನಿದ್ರೆ ಬೇಕು. ನಿದ್ರೆ ಮುರಿಯುತ್ತಿದ್ದರೆ ನೆನಪೂ ಗಮನವೂ ಕುಂದುತ್ತವೆ. ಆಲ್ಝೈಮರ್ ಮುಂತಾದ ಮರೆವಿನ ರೋಗವಿದ್ದವರಿಗೆ ಈ ತೊಂದರೆಯೂ ಸೇರಿಕೊಂಡರೆ ಅವರ ಸ್ಥಿತಿ ಇನ್ನಷ್ಟು ಕಷ್ಟಕರವಾಗುತ್ತದೆ. ಉಸಿರಾಟದ ಚಿಕಿತ್ಸೆಯಿಂದ ಮರೆವಿನ ರೋಗವೇ ಗುಣವಾಗುವುದೆಂದು ಹೇಳಲಾಗದು. ಆದರೆ ತೂಕಡಿಕೆ ತಗ್ಗಿ, ಹಗಲು ಗೆಲುವಾಗಿರಲು ಅದು ನೆರವಾಗುತ್ತದೆ.

ಚಿಕಿತ್ಸೆಯ ವಿಧಾನ

ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯರಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಸಿಪ್ಯಾಪ್ ಎಂಬ ವಿಧಾನವನ್ನು ಲೋಕಕ್ಕೆ ತಿಳಿಸಿದರು. ಸಣ್ಣ ಯಂತ್ರವೊಂದು ಕೋಣೆಯ ಗಾಳಿಯನ್ನೇ ಒತ್ತಡದಿಂದ ಮಾಸ್ಕಿನ ಮೂಲಕ ಕಳುಹಿಸಿ, ಗಂಟಲು ಮುಚ್ಚದಂತೆ ಕಾಯುತ್ತದೆ. ಕನ್ನಡಕದಂತೆ ಇದೂ ಧರಿಸಿದಾಗ ಮಾತ್ರ ಫಲ ಕೊಡುವ ಸಾಧನ. ರಾತ್ರಿಗೆ ಕನಿಷ್ಠ 4 ಗಂಟೆಯ ಬಳಕೆಯನ್ನು ವೈದ್ಯರು ಸಾಮಾನ್ಯವಾಗಿ ಅಳತೆಗೋಲಾಗಿ ಹಿಡಿಯುತ್ತಾರೆ. ನಿದ್ರಿಸುವಷ್ಟು ಹೊತ್ತೂ ಧರಿಸುವುದೇ ಉತ್ತಮ.

ಮರೆವುಳ್ಳವರು ಇದನ್ನು ಸಹಿಸಲಾರರೆಂಬ ಭಾವನೆ ಸರಿಯಲ್ಲ. ಆಲ್ಝೈಮರ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅವರು ಸರಾಸರಿ ರಾತ್ರಿಗೆ ಸುಮಾರು 5 ಗಂಟೆ ಯಂತ್ರವನ್ನು ಬಳಸಿದ್ದರು. ಮನಸ್ಸು ಖಿನ್ನವಾಗಿದ್ದವರು ಮಾತ್ರ ಕಡಿಮೆ ಬಳಸಿದ್ದರು. ಆದುದರಿಂದ ಹಿರಿಯರು ಮಂಕಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸತಕ್ಕದ್ದು.

ಹಠವಲ್ಲ, ಮರೆವು

ನಡುರಾತ್ರಿ ಮಾವನವರು ಮಾಸ್ಕನ್ನು ಕಿತ್ತು ಎಸೆದರೆ ಅದನ್ನು ಹಠವೆಂದು ಎಣಿಸಬಾರದು. ಎಚ್ಚರವಾದಾಗ ಮುಖದ ಮೇಲಿರುವುದು ಏನೆಂಬುದೇ ಅವರಿಗೆ ನೆನಪಿರುವುದಿಲ್ಲ. ಗದರುವುದಾಗಲಿ, ಕೈ ಕಟ್ಟುವುದಾಗಲಿ ಸಲ್ಲದು. ಅವರಿಂದಾಗದ ನೆನಪನ್ನು ಮನೆಯವರು ಹೊರಬೇಕು. ಅದಕ್ಕಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಿರಿ:

1. ಮೊದಲ ಕೆಲವು ದಿನ ಹಗಲಿನಲ್ಲಿ, ಅವರು ಎಚ್ಚರವಾಗಿ ಹಾಡು ಕೇಳುತ್ತ ಕುಳಿತಿರುವಾಗ, ಸ್ವಲ್ಪ ಹೊತ್ತು ಮಾಸ್ಕನ್ನು ತೊಡಿಸಿ ರೂಢಿ ಮಾಡಿಸಿರಿ.

2. ಊಟ, ಮಾತ್ರೆ, ಮೂತ್ರವಿಸರ್ಜನೆ, ಮಾಸ್ಕು, ದೀಪ ಆರಿಸುವುದು — ಈ ಕ್ರಮವನ್ನು ದಿನವೂ ಒಂದೇ ಹೊತ್ತಿಗೆ ನಡೆಸಿರಿ. ಬುದ್ಧಿ ಮರೆತರೂ ಅಭ್ಯಾಸ ಎಷ್ಟೋ ಕಾಲ ಉಳಿಯುತ್ತದೆ.

3. ರಾತ್ರಿ ಮೂತ್ರಕ್ಕೆ ಎದ್ದು ಬಂದ ಮೇಲೆ ಮಾಸ್ಕನ್ನು ಮರಳಿ ಧರಿಸಲು ನೆರವಾಗಿರಿ. ಇಲ್ಲಿ ಚಿಕಿತ್ಸೆ ತಪ್ಪಿಹೋಗಬಹುದು.

4. ಮೂಗು ಒಣಗುವುದು, ಚರ್ಮ ಕೆಂಪಾಗುವುದು, ಗಾಳಿ ಸೋರುವುದು ಕಂಡರೆ ಯಂತ್ರವನ್ನು ಮೂಲೆಗಿಡದೆ ವೈದ್ಯರನ್ನು ಕಾಣಿರಿ. ಮಾಸ್ಕಿನ ಅಳತೆ ಬದಲಾಯಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

5. ಮದ್ಯವನ್ನು ವರ್ಜಿಸಿರಿ. ವೈದ್ಯರ ಸಲಹೆಯಿಲ್ಲದೆ ನಿದ್ರೆಮಾತ್ರೆ ಕೊಡಬೇಡಿರಿ. ಇವೆರಡೂ ಉಸಿರಿನ ತಡೆಯನ್ನು ಹೆಚ್ಚಿಸಬಲ್ಲವು.

6. ಮಾಸ್ಕನ್ನು ತಾವೇ ತೆಗೆಯಲಾರದ ಹಿರಿಯರನ್ನು ಒಬ್ಬರೇ ಮಲಗಲು ಬಿಡಬೇಡಿರಿ. ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿರಿ.

ಮಳೆಗಾಲದ ಎಚ್ಚರಿಕೆ

ಕದ್ರಾ ವಿದ್ಯುದಾಗಾರವು 150 ಮೆಗಾವ್ಯಾಟ್ ಸಾಮರ್ಥ್ಯದ್ದು. ಆದರೂ ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ಸುತ್ತಣ ಮನೆಗಳೇ ಕತ್ತಲಾಗುತ್ತವೆ. ಯಂತ್ರ ನಿಂತೊಡನೆ ಮಾಸ್ಕನ್ನು ತೆಗೆದು, ಹಿರಿಯರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ಸಾಧ್ಯವಿದ್ದವರು ಯಂತ್ರಕ್ಕೆ ಹೊಂದುವ ಬ್ಯಾಟರಿಯನ್ನು ಇಟ್ಟುಕೊಳ್ಳುವುದು ಒಳಿತು. 2019 ಮತ್ತು 2021ರ ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಕೆಳಭಾಗದ ಮನೆಗಳಿಗೆ ಕಾಳಿ ನದಿಯ ನೀರು ನುಗ್ಗಿತ್ತು. ಅಂತಹ ಸಂದರ್ಭದಲ್ಲಿ ಮನೆ ಬಿಡಬೇಕಾದರೆ ಯಂತ್ರವನ್ನೂ ಔಷಧ ಚೀಟಿಯನ್ನೂ ಜೊತೆಗೆ ಕೊಂಡೊಯ್ಯಲು ಮರೆಯಬೇಡಿರಿ.

ಗಂಡಹೆಂಡಿರಿಗೆ ಒಂದು ಮಾತು

ರಾತ್ರಿಯ ಈ ಕಾವಲನ್ನು ಸೊಸೆಯೊಬ್ಬಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ದಿನಬಿಟ್ಟು ದಿನ ಸರದಿ ಹಾಕಿಕೊಂಡರೆ ಇಬ್ಬರಿಗೂ ನಿದ್ರೆ ದೊರೆಯುತ್ತದೆ, ಹಿರಿಯರ ಮೇಲೆ ಬೇಸರವೂ ಹುಟ್ಟುವುದಿಲ್ಲ. ಒಂದು ರಾತ್ರಿ ಚಿಕಿತ್ಸೆ ತಪ್ಪಿದರೆ ಎಲ್ಲವೂ ಕೆಟ್ಟಿತೆಂದು ಕೈಬಿಡದೆ, ಮರುರಾತ್ರಿ ಮತ್ತೆ ಆರಂಭಿಸಿರಿ.

ಮೇಲೆ ಹೇಳಿದ ಲಕ್ಷಣಗಳು ನಿಮ್ಮ ಮನೆಯ ಹಿರಿಯರಲ್ಲಿ ಕಂಡುಬಂದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿರಿ. ಅಗತ್ಯವಿದ್ದರೆ ಅವರು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳುಹಿಸಿ, ಮುಂದಿನ ಪರೀಕ್ಷೆಯ ದಾರಿ ತೋರಿಸುವರು. ವೈದ್ಯರ ಬಳಿಗೆ ಹೋಗುವಾಗ, ಉಸಿರು ನಿಲ್ಲುವುದನ್ನು ಕಣ್ಣಾರೆ ಕಂಡವರೇ ಜೊತೆಗೆ ಹೋಗಬೇಕು. ರೋಗಿಯು ಹೇಳಲಾರದುದನ್ನು ಅವರು ಹೇಳಬಲ್ಲರು.